ಕರಡಿಗೆಯ ಒಳಗಿನ ಸದ್ದು

ಬೀದರಿನ ಆ ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರು ಹೆಸರಿಲ್ಲದ ರೋಗಿಯನ್ನು ಒಳಗೆ ಬಿಡುವುದಿಲ್ಲ. ಕೀಲಿಮಣೆಯ ಮುಂದೆ ಕೂತಿದ್ದ ಸುವರ್ಣಾ ಎದುರಿಗಿದ್ದ ಹಾವಗೆಪ್ಪನನ್ನು ಕೇಳಿದಳು.

"ಪೇಶಂಟ್ ಹೆಸರೇನ್ರಿ?"

"ಕರಡಿಗಿ ಅಂತ ಬರೀರಿ."

"ವಯಸ್ಸು?"

"ನೂರು ದಾಟಿರಬೇಕ್ರಿ. ನಮ್ಮ ಮುತ್ಯಾನ ಕಾಲದ್ದು."

"ಲಿಂಗ?"

"ಅದೇ ಗೊತ್ತಾಗಬೇಕಾಗ್ಯಾದ್ರಿ ಬಾಯಾರ. ಅದಕ್ಕೇ ಬಂದೀವಿ."

ಸುವರ್ಣಾಳಿಗೆ ನಗು ಬಂತು. ಬೆಂಚಿನ ಮೇಲಿದ್ದ ಗುಂಡಮ್ಮನ ಮುಖ ಕಂಡು ಅದು ಅರ್ಧಕ್ಕೇ ನಿಂತಿತು. 'ಇತರೆ' ಎಂದು ಒತ್ತಿ ಮುಂದೆ ಹೋದಳು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕಾದಿದ್ದ ಒಬ್ಬಾತ ಮಾತ್ರ ಸುಮ್ಮನಿರಲಿಲ್ಲ. "ಆ ಡಬ್ಬಿಗಿ ಏನು ಕಾಲು ನೋಯ್ಲತ್ತಾವೇನ್ರಿ? ನನ್ನ ನಂಬರ ಮುಂದ ಬಿಡ್ರಿ!"

ಗುಂಡಮ್ಮ ಹಾವಗೆಪ್ಪನ ತಾಯಿ. ಪಾವಡದ ಬಿಳಿ ಬಟ್ಟೆಯಲ್ಲಿ ಸುತ್ತಿದ ಕರಡಿಗೆ ಅವಳ ಮಡಿಲಲ್ಲಿತ್ತು. ಬಿದರಿ ಕೆಲಸದ್ದು, ಕಪ್ಪು ಮೈ, ಮೇಲೆ ಬೆಳ್ಳಿಯ ಬಳ್ಳಿ. ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆಯನ್ನು ಬಿದರಿಯಲ್ಲಿ ಮಾಡಿಸುವ ಶೋಕಿ ಆ ಮನೆತನಕ್ಕೆ ಯಾವಾಗ ಹತ್ತಿತ್ತೋ, ಹೇಳುವವರು ಯಾರೂ ಉಳಿದಿಲ್ಲ. ಮುಚ್ಚಳ ಕಚ್ಚಿಕೊಂಡಿತ್ತು. ಅಲುಗಿಸಿದರೆ ಒಳಗೆ ಕಟಕಟ ಎನ್ನುತ್ತಿತ್ತು.

ಆ ಸದ್ದೇ ಗುಂಡಮ್ಮನ ಜೀವ ತಿಂದದ್ದು. ಗಂಡ ವಾಂತಿಭೇದಿಯಾಗಿ ಔರಾದಿನ ಹೊಲದಲ್ಲಿ ತೀರಿಕೊಂಡಾಗ ಅವಳು ಭಾಲ್ಕಿಯ ತವರಿನಲ್ಲಿ ಹಸಿ ಬಾಣಂತಿ. ಪಕ್ಕದಲ್ಲಿ ಮಲಗಿದ್ದ ಕೂಸೇ ಈ ಹಾವಗೆಪ್ಪ. ಗಂಡಸರು ಅವಸರದಲ್ಲಿ ಮಣ್ಣು ಮಾಡಿದರು. ಆಮೇಲೆ ಮೈದುನ ಬಂದು ಕರಡಿಗೆ ಕೊಟ್ಟ. "ಲಿಂಗ ಅಣ್ಣನ ಕೈಯಾಗೇ ಇಟ್ಟೀವಿ ವೈನಿ. ಇದು ಬರೋವಾಗ ಬಂಡಿ ಮ್ಯಾಲಿಂದ ಬಿದ್ದು ಬಾಯಿ ಕಚ್ಚಿಕೊಂಡದ," ಎಂದ. ಅವಳು ಅಲುಗಿಸಿ ನೋಡಿದಳು. ಹಿಂದೆ ಎಂದೂ ಸದ್ದು ಮಾಡದ ಕರಡಿಗೆ ಕಟಕಟ ಎಂದಿತು.

ಲಿಂಗವಂತನ ಲಿಂಗ ಅವನ ಜೊತೆಗೇ ಮಣ್ಣಿಗೆ ಹೋಗಬೇಕು. ಹೋಗದಿದ್ದರೆ ಏನೆಂದು ಗುಂಡಮ್ಮ ಯಾವ ಸ್ವಾಮಿಗಳನ್ನೂ ಕೇಳಲಿಲ್ಲ, ಔರಾದಿನ ಸಮಾಧಿಗೆ ಒಮ್ಮೆಯೂ ಕಾಲಿಡಲಿಲ್ಲ. "ಯಾವ ಮಾರಿ ಹೊತ್ತು ಅವರ ಮುಂದ ಹೋಗ್ಲಿ?" ಅಷ್ಟೇ ಅನ್ನುತ್ತಿದ್ದಳು. ದಿನಾ ಕರಡಿಗೆಗೆ ವಿಭೂತಿ ಹಚ್ಚಬೇಕು, ಕಿವಿಯ ಹತ್ತಿರ ಒಮ್ಮೆ ಅಲುಗಿಸಬೇಕು, ಆಮೇಲೆ ಊಟ.

ಒಡೆದು ನೋಡಬಹುದಿತ್ತು. ಆದರೆ ಒಳಗಿನ ಲಿಂಗ ಪೆಟ್ಟು ಬಿದ್ದು ಭಿನ್ನವಾದರೆ? ಹಾವಗೆಪ್ಪ ಭಾಲ್ಕಿಯಲ್ಲಿ ತೊಗರಿ ವ್ಯಾಪಾರಿ. ಕಾಳನ್ನು ಅಂಗೈಯಲ್ಲಿ ಕುಲುಕಿ ಹರಳಿದೆಯೋ ಇಲ್ಲವೋ ಹೇಳಬಲ್ಲವನೆಂದು ಹೆಸರು. ಅವನು ಕರಡಿಗೆಯನ್ನೂ ಕುಲುಕಿ, "ಕಲ್ಲೇ ಅದ ಅವ್ವಾ," ಎಂದು ಎಂದೋ ತೀರ್ಪು ಕೊಟ್ಟಾಗಿತ್ತು.

ಹಳೆಯ ಬಿದರಿ ಸಾಮಾನುಗಳನ್ನು ಬಿಚ್ಚದೆ, ಉಜ್ಜದೆ ಒಳಗೆ ನೋಡಿ ದಾಖಲಿಸುವ ಫರ್ಹೀನ ಎಂಬ ಸಂಶೋಧಕಿಯ ವಿಷಯ ಅವನಿಗೆ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ದಲಾಲರೊಬ್ಬರಿಂದ ತಿಳಿಯಿತು. ರೋಗಿಗಳು ಕಡಿಮೆ ಇರುವ ಭಾನುವಾರ ಅವಳಿಗೆ ಈ ಸಿ.ಟಿ. ಯಂತ್ರ ಸಿಗುತ್ತಿತ್ತು. ಮಾತಾಗಿದ್ದು ಇಷ್ಟು: ಒಳಗೆ ಲಿಂಗವಿದ್ದರೆ ಕರಡಿಗೆ ಸಮೇತ ಔರಾದಿಗೆ ಒಯ್ದು ಸಮಾಧಿಯಲ್ಲಿ ಹೂಳುವುದು, ಖಾಲಿಯಿದ್ದರೆ ಅದು ಫರ್ಹೀನ ಕೆಲಸ ಮಾಡುವ ಸಂಗ್ರಹಾಲಯಕ್ಕೆ. ಹಾವಗೆಪ್ಪ ಜೀಪಿನಲ್ಲಿ ಸಲಿಕೆ ಹಾಕಿಕೊಂಡೇ ಬಂದಿದ್ದ.

ಫರ್ಹೀನ ಕೈಗವಸು ಹಾಕಿಕೊಂಡು ಕರಡಿಗೆಯನ್ನು ಥರ್ಮಾಕೋಲಿನ ಗುಳಿಯಲ್ಲಿ ಕೂಡಿಸಿದಳು. ಯಂತ್ರದ ಬಳೆಯೊಳಗೆ ಅದು ಮೆಲ್ಲಗೆ ಹೋಗಿ ಬಂತು. ಪರದೆಯ ಮೇಲೆ ಮೊದಲು ಮೂಡಿದ್ದು ಬರೀ ಬಿಳಿ ಗೀರುಗಳು.

"ಹೊತ್ತು ಹುಟ್ಟಿದಂಗ ಕಾಣ್ಲತ್ತದ," ಎಂದಳು ಗುಂಡಮ್ಮ.

"ಲೋಹದ ಕಾಟ ಅದು ಆಯಿ. ಸ್ವಲ್ಪ ತಡೀರಿ, ತೆಗೀತೇನಿ."

ಗೀರುಗಳು ಒಂದೊಂದಾಗಿ ಇಳಿದವು. ಸೌತೆಕಾಯಿಯ ಹೋಳುಗಳಂತೆ ಕರಡಿಗೆ ಪದರಪದರವಾಗಿ ತೆರೆದುಕೊಂಡಿತು. ಫರ್ಹೀನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಮತ್ತೆ ಮತ್ತೆ ನೋಡಿದಳು.

"ಆಯಿ, ಲಿಂಗ ಇಡೋ ಜಾಗ ಖಾಲಿ ಅದ."

"ಮತ್ತ ಸದ್ದು?"

"ಇದಕ್ಕ ಎರಡು ಗ್ವಾಡಿ ಅದಾವ, ನೋಡ್ರಿ. ನಡುವ ಸಂದಿ. ಎರಕ ಹೊಯ್ಯೋವಾಗ ಮಣ್ಣಿನ ಅಚ್ಚು ಇಟ್ಟಿರ್ತಾರ. ಅದು ಪೂರಾ ಹೊರಗ ಬಂದಿಲ್ಲ, ಒಳಗೇ ಅಂಟಿಕೊಂಡು ಕುಂತದ. ಬಂಡಿಯಿಂದ ಬಿತ್ತು ಅಂದ್ರಲ್ಲ, ಆಗ ಒಂದು ಚೂರು ಕಳಚ್ಯಾದ. ತೊಗರಿ ಕಾಳಿನಷ್ಟು. ಅದೇ ಕಟಕಟ."

ಕಲ್ಲೆಂದು ತೀರ್ಪು ಕೊಟ್ಟಿದ್ದ ತೊಗರಿ ವ್ಯಾಪಾರಿ ನೆಲ ನೋಡಿದ. ಆಮೇಲೆ ಅವನ ಮುಖ ಅರಳಿತು. "ನೋಡವ್ವಾ, ಕಾಕಾ ಖರೇನೇ ಹೇಳಿದ್ದ! ಸುಮ್ಮನ ಆತನ ಮ್ಯಾಲ ಸಂಶಯ."

ಗುಂಡಮ್ಮ ಪರದೆಯ ನಡುವಿನ ಕಪ್ಪನ್ನು ನೋಡುತ್ತಲೇ ಇದ್ದಳು.

"ಅಂದ್ರ ನಿಮ್ಮಪ್ಪ ತೊಗೊಂಡೇ ಹೋಗ್ಯಾರ," ಎಂದಳು. "ನನ್ನ ಹತ್ರ ಏನೂ ಬಿಟ್ಟಿಲ್ಲ."

ಅದು ಸಮಾಧಾನವೋ ದುಃಖವೋ ಹಾವಗೆಪ್ಪನಿಗೆ ತಿಳಿಯಲಿಲ್ಲ. ಅವನ ಕಿವಿ ಅಂದು ಎರಡನೇ ಸಲ ಕೈಕೊಟ್ಟಿತ್ತು. ಅವಳು ಕರಡಿಗೆಯನ್ನು ಕೈಗೆ ತೆಗೆದುಕೊಂಡು, ದಿನದ ಅಭ್ಯಾಸದಂತೆ ಕಿವಿಯ ಹತ್ತಿರ ಅಲುಗಿಸಿ, ಫರ್ಹೀನಳ ಕೈಯಲ್ಲಿಟ್ಟಳು.

"ಒಳಗಿನ ಮಣ್ಣು ತೆಗೀಬ್ಯಾಡ ಮಗಾ."

"ತೆಗ್ಯಾಂಗಿಲ್ಲ ಆಯಿ. ಅದು ಹಾಂಗೇ ಇರ್ಲಿ."

ಊರ ಹೊರಗೆ ಹಾವಗೆಪ್ಪ ಜೀಪನ್ನು ಭಾಲ್ಕಿ ಕಡೆಗೆ ತಿರುಗಿಸಿದ.

"ಎಲ್ಲಿಗಿ ಹೊಂಟಿ?"

"ಮನಿಗಿ. ಔರಾದದಾಗ ಈಗ ಏನು ಕೆಲಸ? ಹೂಳೋದಂತೂ ಏನೂ ಇಲ್ಲ."

"ಹೂಳೋದು ಇಲ್ಲಂತಲೇ ಹೋಗಬೇಕು. ಹೊಳ್ಳಸು ಗಾಡಿ."

ಔರಾದಿನ ಹೊಲದ ಬದುವಿನಲ್ಲಿ ಬೇವಿನ ಗಿಡ, ಅದರ ಬುಡಕ್ಕೆ ಸಮಾಧಿಯ ಕಲ್ಲಿನ ಸಣ್ಣ ಕಟ್ಟೆ. ಗುಂಡಮ್ಮ ಚಪ್ಪಲಿ ದೂರ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಹತ್ತಿರ ಕೂತಳು. ಬರಿದಾದ ಪಾವಡದಿಂದ ಕಲ್ಲಿನ ಧೂಳು ಒರೆಸಿದಳು. ಹಾವಗೆಪ್ಪ ಹಿಂದೆಯೇ ನಿಂತಿದ್ದ.

"ತಡ ಆಯ್ತರಿ," ಎಂದಳು ಅವಳು ಕಲ್ಲಿಗೆ. "ನಿಮ್ಮ ತಮ್ಮ ಹೇಳಿದ್ದು ನಾ ನಂಬಲಿಲ್ಲ."

ಅವ್ವ ಅಪ್ಪನ ಜೊತೆ ಮಾತಾಡಿದ್ದನ್ನು ಹಾವಗೆಪ್ಪ ಕೇಳಿದ್ದು ಅದೇ ಮೊದಲು.