ಕಾಲು ಸುತ್ತು ವಾಪಸ್

ನನ್ನ ತಮ್ಮ ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಉಸಿರುಗಟ್ಟಿ ಸತ್ತ. ಸಮುದ್ರದೊಳಗೆ ಮುಳುಗುವುದನ್ನು ಕಲಿಸುವ ಆ ಶಾಲೆಯವರು ಕೋರ್ಟಿನಲ್ಲಿ ಅದೊಂದನ್ನೇ ಹಿಡಿದು ಕೂತಿದ್ದರು. ಗಾಳಿ ಇತ್ತು, ಸಾಮಾನು ನೆಟ್ಟಗಿತ್ತು, ಹುಡುಗ ಗಾಬರಿಬಿದ್ದ, ಅದಕ್ಕೆ ನಾವೇನು ಮಾಡೋಣ ಎಂದು ಕೈ ತೊಳೆದುಕೊಂಡರು.

ಗಾಬರಿಯಂತೆ! ಒಮ್ಮೆ ನಮ್ಮ ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿಕೊಂಡಾಗ ನಾನು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ. ನನ್ನ ತಮ್ಮ ಗುಂಡ ಒದ್ದೆ ಟವೆಲ್ ಎಸೆದು ಆರಿಸಿ, "ಹಾಲಿಗೇನೂ ಆಗಿಲ್ಲ ಕಣಕ್ಕಾ, ಒಂದು ಕಾಫಿ ಮಾಡು" ಅಂದಿದ್ದ. ಅಂಥವನನ್ನು ಪುಕ್ಕಲ ಎಂದು ಕಾಗದದಲ್ಲಿ ಬರೆದು ಮುಗಿಸುವುದಕ್ಕೆ ಹೊರಟಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಮ್ಮನಂತೂ ಬರುವುದಿಲ್ಲ, ಅವನ ಸಾವಿನ ತಪ್ಪನ್ನಾದರೂ ಅವನ ತಲೆಯಿಂದ ಇಳಿಸಬೇಕು ಅನ್ನುವುದೊಂದೇ ನನಗೆ ಉಳಿದಿದ್ದ ಹಟ.

ನನ್ನದು ಕೂದಲು ಕತ್ತರಿಸುವ ಕಸುಬು. ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ, ಮೂಲೆಯಲ್ಲಿ ತಲೆ ತೊಳೆಯುವ ತೊಟ್ಟಿ, ಅಷ್ಟೇ ಪಾರ್ಲರು. ಅದರ ಹಿಂದೆಯೇ ಮನೆ. ಗುಂಡ ಹೋದ ಮೇಲೆ ಅವನ ಹೆಂಡತಿ ನನ್ನ ಜೊತೆಗೇ ಇದ್ದಾಳೆ. ಇಬ್ಬರೂ ಒಟ್ಟಿಗೆ ಆ ಶಾಲೆಗೆ ಸೇರಿದ್ದರು, ನೀರೊಳಗೆ ಒಬ್ಬರಿಗೊಬ್ಬರು ಜೊತೆಗಾರರು. ಬಂದಾಗಿನಿಂದ ಹುಡುಗಿಯ ಬಾಯಲ್ಲಿ ಮಾತಿಲ್ಲ. ದುಃಖ ಎಂದುಕೊಂಡು ನಾನೂ ಕೆದಕಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ವಕೀಲಮ್ಮ ಬಂದು ಖಾಲಿ ಕುರ್ಚಿಯಲ್ಲಿ ಕೂತರು. "ಗಾಬರಿ ಅಲ್ಲ ಅಂತ ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ. ಹಾಗಾದ್ರೆ ಇನ್ನೇನಾಯ್ತು ಅಂತ ಕೇಳ್ತಾರೆ. ಏನು ಹೇಳೋಣ?" ಅಂದರು.

ಕತ್ತರಿಸಿದ ಕೂದಲು ಗುಡಿಸುತ್ತಿದ್ದ ಹುಡುಗಿ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಅಕ್ಕಾ, ಸ್ವಲ್ಪ ಕೂತ್ಕೊಳ್ಳಿ" ಎಂದು ನನ್ನನ್ನು ಇನ್ನೊಂದು ಕುರ್ಚಿಗೆ ಕೂರಿಸಿದಳು. ಶಾಂಪೂ ಬಾಟಲಿಯನ್ನು ಕುರ್ಚಿಯ ಹಿಂದೆ, ನನ್ನ ಕತ್ತಿನ ಹತ್ತಿರ ಬರುವ ಹಾಗೆ, ಟವೆಲಿನಿಂದ ಬಿಗಿದಳು. ಆಮೇಲೆ ನನ್ನೆದುರು ನಿಂತು, ಭುಜದ ಮೇಲಿಂದ ಕೈ ಚಾಚಿ ಅದರ ಮುಚ್ಚಳ ಹಿಡಿದಳು.

"ಸಿಲಿಂಡರಿನ ಗಾಳಿ ಬಿಡೋ ತಿರುಪು ಇಲ್ಲಿರುತ್ತೆ. ದೋಣಿಯಲ್ಲಿ ಜೊತೆಗಾರರದ್ದನ್ನ ನಾವೇ ನೋಡ್ಬೇಕು. ಪೂರ್ತಿ ತೆರೆದು ಕಾಲು ಸುತ್ತು ವಾಪಸ್ ತಿರುಗಿಸಿ ಅಂತ ಕೋಚ್ ಕೂಗಿದ್ರು. ಎದುರಿಂದ ಕೈ ಹಾಕಿದ್ರೆ ಯಾವ ಕಡೆ ತೆರೆಯೋದು ಅಂತ ಗೊತ್ತಾಗಲ್ಲ ಅಕ್ಕಾ. ತೆರೆದೇ ಇತ್ತು ಅನ್ಸುತ್ತೆ. ನಾನು..." ಅವಳ ಕೈ ಮುಚ್ಚಳವನ್ನು ತಡೆಯುವವರೆಗೂ ತಿರುಗಿಸಿತು. ಆಮೇಲೆ ಒಂಚೂರು ಹಿಂದಕ್ಕೆ. "ನಾನು ಪೂರ್ತಿ ಮುಚ್ಚಿ, ಕಾಲು ಸುತ್ತು ತೆರೆದೆ."

ಮಿಕ್ಕದ್ದನ್ನೂ ಅವಳೇ ಹೇಳಿದಳು. ನೀರಿನ ಮೇಲಿದ್ದಾಗ ಅಷ್ಟು ಗಾಳಿಯೇ ಸಾಕಾಗುತ್ತದಂತೆ. ಆಳಕ್ಕೆ ಇಳಿದ ಹಾಗೆಲ್ಲ ಹೆಚ್ಚು ಬೇಕು, ಅಷ್ಟು ಬರುವುದಿಲ್ಲ. ಕೆಳಗೆ ಅವನು ಎದೆ ತಟ್ಟಿಕೊಂಡು ಸನ್ನೆ ಮಾಡಿದ್ದನ್ನು ಇವಳು ನೋಡಿದ್ದಳು. ಆ ಸನ್ನೆಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ದೋಣಿ ತುಂಬ ಕಲಿಯುವವರು, ಕಲಿಸುವವನು ಒಬ್ಬನೇ, ಅವನೂ ಮಿಕ್ಕವರನ್ನು ಕರೆದುಕೊಂಡು ಮುಂದೆ ಹೋಗಿದ್ದ. ಹೆಣವನ್ನು ಮೇಲೆಳೆದವರು ರೂಢಿಯಂತೆ ತಿರುಪು ಮುಚ್ಚಿಟ್ಟರು, ಅದು ಎಷ್ಟು ತೆರೆದಿತ್ತು ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ.

ಕನ್ನಡಿಯಲ್ಲಿ ಅವಳ ಕೈ ಕಾಣುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಕೈಯನ್ನು ಮುರಿದುಹಾಕಬೇಕು ಅನ್ನಿಸಿತು. ಅವಳೂ ಅದನ್ನೇ ಕಾಯುತ್ತಿರುವವಳ ಹಾಗೆ ಕೈಯನ್ನು ಅಲ್ಲೇ ಬಿಟ್ಟಿದ್ದಳು.

ವಕೀಲಮ್ಮ ಮೆತ್ತಗೆ ಹೇಳಿದರು, "ಇದನ್ನ ಹೇಳಿದ್ರೆ ಶಾಲೆಯವರು ಎಲ್ಲಾನೂ ಇವಳ ತಲೆಗೆ ಕಟ್ತಾರೆ. ಹೇಳದಿದ್ರೆ ನಿಮ್ಮ ತಮ್ಮನ ತಲೆ ಮೇಲೇ ಉಳಿಯುತ್ತೆ. ನೀವೇ ಯೋಚನೆ ಮಾಡಿ."

"ಹೇಳ್ತೀನಿ" ಅಂದಳು ಹುಡುಗಿ. "ಅವರು ಹೆದರಿ ಸಾಯ್ಲಿಲ್ಲ. ಅದನ್ನ ಹೇಳ್ದೆ ನಂಗೆ ಬದುಕೋಕಾಗಲ್ಲ."

ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. "ಕಲಿಯೋಕೆ ಹೋಗಿದ್ದವಳು ಕಣೇ ನೀನು. ನನ್ನ ಹತ್ರ ಕೆಲಸ ಕಲಿಯೋಳು ಗಿರಾಕಿ ಕಿವಿ ಕತ್ತರಿಸಿದ್ರೆ, ಆಯಮ್ಮ ಬಂದು ಯಾರ ಜುಟ್ಟು ಹಿಡೀತಾಳೆ? ನಂದೇ ತಾನೆ!" ಅಂದೆ.

ಕೋರ್ಟಿನಲ್ಲಿ ಅವಳು ಹೇಳಿ ಮುಗಿಸುವ ಮೊದಲೇ ಶಾಲೆಯ ಕಡೆಯ ವಕೀಲನ ಮುಖ ಅರಳಿತು. "ಅಂದ್ರೆ ನಿಮ್ಮ ಗಂಡನ ಗಾಳಿ ಮುಚ್ಚಿದ್ದು ನೀವೇ?"

"ಹೌದು."

"ಜೊತೆಗಾರರು ಒಬ್ಬರದ್ದೊಬ್ಬರು ನೋಡ್ಕೋಬೇಕು, ಅದರ ಮೇಲೆ ಕೋಚ್ ನೋಡೋ ಅಗತ್ಯ ಇಲ್ಲ. ಅದೇ ಪದ್ಧತಿ ಅಂತ ಕೋಚ್ ಆಗ್ಲೇ ಹೇಳಿದಾರೆ. ಹೇಗೆ ಮುಚ್ಚಿದ್ರಿ, ಎಲ್ಲರಿಗೂ ತೋರಿಸಿಬಿಡಿ."

ಪೊಲೀಸರು ಸೀಲು ಹಾಕಿಟ್ಟಿದ್ದ ಅದೇ ಸಿಲಿಂಡರನ್ನು ಮೇಜಿನ ಮೇಲಿಟ್ಟರು. ಕೋಚ್ ಅದನ್ನು ಪೂರ್ತಿ ತೆರೆದು ಬೆನ್ನಿಗೇರಿಸಿಕೊಂಡ. ಗಟ್ಟಿಮುಟ್ಟಾದ ಆಳು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಆ ಪಟ್ಟಿಗಳೆಲ್ಲ ಕಟ್ಟಿಕೊಂಡು ನಿಂತಿದ್ದು ನಗು ಬರುವ ಹಾಗಿತ್ತು. ಯಾರೂ ನಗಲಿಲ್ಲ. ಹುಡುಗಿ ಎದುರು ನಿಂತು ಕೈ ಚಾಚಿದಳು. ತಡೆಯುವವರೆಗೂ ತಿರುಗಿಸಿದಳು, ಕಾಲು ಸುತ್ತು ಹಿಂದಕ್ಕೆ ತಂದಳು, ಕೈ ತೆಗೆದಳು.

ಕೋಚ್ ಉಸಿರಾಟದ ಕೊಳವೆಯನ್ನು ಬಾಯಿಗಿಟ್ಟು ಒಂದು ಉಸಿರು ಎಳೆದ. ಎಳೆಯುವಾಗಲೇ ಅವನ ಕಣ್ಣು ಸೊಂಟದ ಹತ್ತಿರ ನೇತಾಡುತ್ತಿದ್ದ ಗಾಳಿಯ ಮೀಟರಿನ ಕಡೆ ಹೋಯಿತು. ಮುಳ್ಳು ಕುಸಿದು ಮತ್ತೆ ಎದ್ದಿತು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಅವನ ಬಲಗೈ ತಾನಾಗಿ ಕತ್ತಿನ ಹಿಂದೆ ಹೋಗಿ, ತಿರುಪನ್ನು ಹುಡುಕಿ, ಪೂರ್ತಿ ತೆರೆಯಿತು.

"ಈಗ ಏನ್ ಮಾಡಿದ್ರಿ?" ಎಂದು ನ್ಯಾಯಾಧೀಶರು ಕೇಳಿದರು.

ಅವನು ಕೊಳವೆ ತೆಗೆದ. "ಅಭ್ಯಾಸ ಸ್ವಾಮಿ. ಯಾರೇ ನೋಡಿದ್ರೂ ನಂದು ನಾನು ಒಂದ್ಸಲ ನೋಡ್ಕೋತೀನಿ."

"ಆ ಮುಳ್ಳು ಕುಣಿದ್ರೆ ಹೀಗೆ ಮಾಡಬೇಕು ಅಂತ ಇವರಿಗೆ ಹೇಳಿಕೊಟ್ಟಿದ್ರಾ?"

ಕೋಚ್ ನೆಲ ನೋಡುತ್ತ, "ಅವತ್ತು ಜನ ಜಾಸ್ತಿ ಇದ್ರು" ಅಂದ.

ಥೂ ಪಾಪಿ, ನಿನ್ನ ಉಸಿರಾದರೆ ನೆನಪಿರುತ್ತದಲ್ಲ! ಕೂಗಬೇಕೆಂದಿದ್ದೆ. ಅಳು ಬಂತು.

ತೀರ್ಪು ನಮ್ಮ ಕಡೆ ಆಯಿತು. ಕಲಿಯುವವರ ತಪ್ಪನ್ನು ಹಿಡಿಯಬೇಕಾದವನು ಕಲಿಸುವವನು ಎಂದು ಬರೆದರು. ಕೋಚ್ ಜೈಲಿಗೆ ಹೋದ, ಶಾಲೆಗೆ ಬೀಗ ಬಿತ್ತು. ನನ್ನ ತಮ್ಮ ಗಾಬರಿಬಿದ್ದ ಅನ್ನುವ ಮಾತನ್ನು ಕೋರ್ಟು ಒಪ್ಪಲಿಲ್ಲ. ನಾನು ಹಿಡಿದ ಹಟ ಈಡೇರಿತು. ಹುಡುಗಿಗೆ ಆ ತೀರ್ಪನ್ನು ಎಷ್ಟು ಸಲ ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ತಲೆಯಾಡಿಸುತ್ತಾಳೆ, ಎದ್ದು ಕೆಲಸಕ್ಕೆ ಹೋಗುತ್ತಾಳೆ.

ಅಡುಗೆ ಮುಗಿಸಿದ ಮೇಲೆ ಪ್ರತಿ ಸಲವೂ ಒಳಗಿನಿಂದ ಕೂಗುತ್ತಾಳೆ, "ಅಕ್ಕಾ, ಗ್ಯಾಸ್ ಮುಚ್ಚಿದೀನಾ, ಸ್ವಲ್ಪ ಬಂದು ನೋಡ್ತೀರಾ?"

ಗಿರಾಕಿಯ ತಲೆ ಅರ್ಧ ಕತ್ತರಿಸಿದ್ದರೂ ಬಿಟ್ಟು ಹೋಗುತ್ತೇನೆ. ಮುಚ್ಚಿಯೇ ಇರುತ್ತದೆ. ಆದರೂ ಕೈಯಿಟ್ಟು ನೋಡಿ, "ಸರಿಯಾಗಿದೆ ಕಣೇ" ಅನ್ನುತ್ತೇನೆ. ಆ ದಿನ ದೋಣಿಯಲ್ಲಿ ಆ ಕೋಚ್ ಇಷ್ಟು ಮಾಡಿದ್ದರೆ ಸಾಕಿತ್ತು.