ಮೋನಪ್ಪನವರ ಮಂಗಳವಾರ

೧೯೬೧ರಲ್ಲಿ ಹುಬ್ಬಳ್ಳಿ ಸ್ಟೇಷನ್ನಿಗೆ ಟಿಕೆಟ್ ಕಲೆಕ್ಟರ್ ಆಗಿ ಸೇರಿದ ಮೊದಲ ವಾರವೇ ಶೇಖಪ್ಪ ತಮ್ಮ ಮೇಲಿನವರಾದ ಶಿವಲಿಂಗಯ್ಯನವರಿಗೆ ಒಂದು ಮಾತು ಕೊಟ್ಟಿದ್ದರು. ಅವತ್ತು ತೀರಿಹೋದ ಅಣ್ಣನ ಪಾಸು ಹಿಡಿದು ಕೂತಿದ್ದವನೊಬ್ಬನನ್ನು ಶಿವಲಿಂಗಯ್ಯ ಅಳ್ನಾವರದಲ್ಲಿ ಇಳಿಸಿದ್ದರು. ಬೈದಿರಲಿಲ್ಲ.

"ಚೀಟಿ ಯಾರ ಹೆಸರಿಗೆ ಐತಿ, ಅವರ ಕುಂದರಬೇಕು ತಮ್ಮಾ," ಎಂದಿದ್ದರು ಆಮೇಲೆ. "ಮತ್ತೊಬ್ಬ ಕುಂತರ, ಆ ಹೆಸರಿನಾಂವ ಎಲ್ಲೋ ನಿಂತ ಇರತಾನ. ನೀ ಯಾವತ್ತೂ ಇನ್ನೊಬ್ಬರ ಹೆಸರಿನ ಮ್ಯಾಲೆ ಕುಂದರಬ್ಯಾಡ."

ಕುಂದರೂದಿಲ್ಲರೀ ಎಂದಿದ್ದರು ಶೇಖಪ್ಪ. ಮೂವತ್ಮೂರು ವರ್ಷದ ನೌಕರಿಯಲ್ಲಿ ಕೂತಿರಲಿಲ್ಲ.

ಈಗ ೨೦೦೭ರ ನವೆಂಬರ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಪೊವೇ ಎಂಬ ಊರಿನ ಸಣ್ಣ ಕ್ಲಿನಿಕ್ಕೊಂದರಲ್ಲಿ ನರ್ಸ್ ಬಾಗಿಲಿಗೆ ಬಂದು, "ಮಿಸ್ಟರ್ ಮೋನಾಪಾ," ಎಂದು ಕರೆದಳು. ಶೇಖಪ್ಪ ಎದ್ದರು. ಮೊದಮೊದಲು ಮಗಳು ರಜನಿ ಮೊಣಕೈಯಿಂದ ತಿವಿಯಬೇಕಾಗುತ್ತಿತ್ತು. ಈಚೆಗೆ ಹಾಗಿಲ್ಲ. ಮನೆಯಲ್ಲಿ "ಅಪ್ಪಾ" ಎಂದು ಎರಡು ಸಲ ಕರೆದರೂ ಕೇಳದ ಕಿವಿಗೆ ಈ ಹೆಸರು ಒಂದೇ ಸಲಕ್ಕೆ ಕೇಳಿಸುತ್ತದೆ, ಕಾಲು ತಾನಾಗಿ ಏಳುತ್ತದೆ. ಅದು ಶೇಖಪ್ಪನವರಿಗೆ ಸರಿಬರುತ್ತಿರಲಿಲ್ಲ. ಆದರೆ ಯಾರಿಗೆ ಹೇಳುವುದು?

ಹೆಂಡತಿ ತೀರಿಕೊಂಡ ಮೇಲೆ ಅವರು ಸ್ಯಾನ್ ಪೀಡ್ರೊದಲ್ಲಿ ಬಂದರಿನ ಆಫೀಸಿನಲ್ಲಿದ್ದ ರಜನಿಯ ಮನೆಗೆ ಬಂದಿದ್ದರು. ಗಟ್ಟಿಮುಟ್ಟಾದ ಮನುಷ್ಯ, ಇನ್ಶೂರೆನ್ಸ್ ಏಕೆ ಎಂದು ಬಿಟ್ಟಿದ್ದರು. ಎರಡನೇ ತಿಂಗಳಲ್ಲಿ ಮೆಟ್ಟಿಲ ಮೇಲೆ ಕುಸಿದರು. ಹೃದಯದ ತೊಂದರೆ ಎಂದು ತಿಳಿಯಿತು. ಆಮೇಲೆ ಯಾವ ಕಂಪನಿಯೂ ಆ ಕಾಯಿಲೆಯನ್ನು ಸೇರಿಸಿಕೊಂಡು ಇನ್ಶೂರೆನ್ಸ್ ಕೊಡಲಿಲ್ಲ. ಕನ್ನಡ ಸಂಘದಲ್ಲಿ ಪರಿಚಯವಾಗಿದ್ದ ಉಡುಪಿ ಕಡೆಯ, ಪೊವೇಯಲ್ಲಿ ನೆಲೆಸಿದ್ದ ದೀಪೇಶ್ ತನ್ನ ತಂದೆ ಮೋನಪ್ಪನವರ ಇನ್ಶೂರೆನ್ಸ್ ಕಾರ್ಡು ಕೊಟ್ಟ. "ಅವರು ಉಡುಪಿಗೆ ಹೋಗ್ಯಾರ, ಕಾರ್ಡು ಸುಮ್ಮನ ಬಿದ್ದೈತಿ," ಎಂದಿದ್ದಳು ರಜನಿ. ಏಪ್ರಿಲಿನಿಂದ ತಿಂಗಳಿಗೊಂದು ಮಂಗಳವಾರ, ರಜನಿಯ ಕಾರಿನಲ್ಲಿ ಎರಡು ತಾಸಿನ ದಾರಿ ಬಂದು ಶೇಖಪ್ಪ ಮೋನಪ್ಪನಾಗಿ ಹೋಗುತ್ತಿದ್ದರು.

ಆ ದಿನ ಡಾಕ್ಟರು, ಎರಡು ತಿಂಗಳಿಂದ ಹೇಳುತ್ತಿದ್ದ ರಕ್ತನಾಳದ ಸ್ಕ್ಯಾನ್ ಆಗಲೇಬೇಕು, ತಡ ಮಾಡಬೇಡಿ, ಮುಂದಿನ ಮಂಗಳವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ಹಳೆಯ ರಿಪೋರ್ಟು ಅಂಚೆಯಲ್ಲಿ ದೀಪೇಶನ ಮನೆಗೆ ಬಂದಿತ್ತು, ತರಲು ಹೋದರು. ರಜನಿಗೆ ಆಫೀಸಿನ ಫೋನ್ ಬಂದದ್ದರಿಂದ ಅವಳು ಕಾರಿನಲ್ಲೇ ಉಳಿದಳು. ಹೋದ ತಿಂಗಳ ಕಾಳ್ಗಿಚ್ಚಿಗೆ ಎದುರಿನ ಗುಡ್ಡ ಕಪ್ಪಾಗಿತ್ತು. ಗಾಳಿ ಬೀಸಿದಾಗಲೆಲ್ಲ ಬೂದಿ ಏಳುತ್ತಿತ್ತು.

ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ದೀಪೇಶನ ತಾಯಿ ಜಲಜಾಕ್ಷಿ. ಕತ್ತಿನಲ್ಲಿ ಕರಿಮಣಿ, ಹಣೆಯಲ್ಲಿ ಕುಂಕುಮ. ಅವರು ಶೇಖಪ್ಪನವರ ತೋಳಿಗೆ ಅಂಟಿಸಿದ್ದ ಹತ್ತಿಯನ್ನು ನೋಡಿದರು.

"ಕ್ಲಿನಿಕ್ಕಿಂದ ಬಂದದ್ದಾ?"

"ಹೌದ್ರೀ."

"ಇವರನ್ನು ಕಂಡಿರಾ ಅಲ್ಲಿ?"

"ಯಾರನ್ನರೀ?"

"ನಮ್ಮವರನ್ನು. ಇವತ್ತು ಹತ್ತು ಗಂಟೆಗೆ ಅವರದ್ದೂ ಉಂಟಲ್ಲ."

ಆಕೆ ಒಳಗೆ ಕರೆದು ಕುರ್ಚಿ ಕೊಟ್ಟರು. ಊಟದ ಮೇಜಿನ ಮೇಲೆ ಒಂದು ತಟ್ಟೆ ಕವುಚಿ ಇಟ್ಟಿತ್ತು.

"ದಿನಾ ರಾತ್ರಿ ಗಂಜಿ ಬಡಿಸಿಡ್ತೇನೆ. ನಿನ್ನೆ ಇಡಲಿಲ್ಲ. ಖಾಲಿ ಹೊಟ್ಟೆ ಅಂದಿದ್ರಲ್ಲ." ಆಕೆ ಮೂಲೆಯ ಫೋನಿನ ಮೆಸೇಜ್ ಗುಂಡಿ ಒತ್ತಿದರು. ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಹೊರಟಿತು: ಮಿಸ್ಟರ್ ಮೋನಾಪಾ, ಮಂಗಳವಾರ, ಹತ್ತು ಗಂಟೆ, ಖಾಲಿ ಹೊಟ್ಟೆ. "ಮೊಮ್ಮಗಳು ಶ್ರದ್ಧಾ ಅರ್ಥ ಹೇಳಿತು. ಅಂಚೆಯಲ್ಲಿ ಬಂದ ರಿಪೋರ್ಟನ್ನೂ ಅದೇ ಓದಿ ಹೇಳಿತು. ಪ್ರೆಶರ್ ಈಗ ಹತೋಟಿಯಲ್ಲಿ ಉಂಟಂತೆ. ಹೋದ ತಿಂಗಳು ತೂಕ ಎರಡು ಕೆಜಿ ಇಳಿದಿತ್ತು, ನಂಗೆ ಹೆದರಿಕೆ ಆಗಿತ್ತು."

"ಅಕ್ಕಾರ, ನಿಮ್ಮ ಯಜಮಾನರು ಎಲ್ಲಿ..."

"ಮಾರ್ಚಿನಲ್ಲಿ ತೀರಿಹೋದರು ಅಂತ ದೀಪೇಶ್ ಹೇಳ್ತಾನೆ. ಉಡುಪಿಯ ಮನೆಯ ಬಚ್ಚಲಲ್ಲಿ ಬಿದ್ದರಂತೆ. ನನ್ನ ವೀಸಾ ಎಕ್ಸ್‌ಟೆನ್ಷನ್ನಿನ ಕಾಗದ ಬಾಕಿ ಇತ್ತು, ಹೋಗ್ಲಿಕ್ಕೆ ಆಗಲಿಲ್ಲ. ಮುಖ ನೋಡಲಿಲ್ಲ ನಾನು." ಆಕೆ ನಕ್ಕರು. "ಸತ್ತವರ ಪ್ರೆಶರನ್ನು ಯಾವ ಡಾಕ್ಟ್ರು ನೋಡ್ತಾರೆ, ನೀವೇ ಹೇಳಿ."

ಮನೆಯೆಲ್ಲ ಒರೆಸಿ ಲಕಲಕ ಎನ್ನುತ್ತಿತ್ತು. ಹಿಂಬಾಗಿಲ ಬಳಿ ಮಾತ್ರ ಒಂದು ಚಾಪೆಯಷ್ಟು ಜಾಗದಲ್ಲಿ ಬೂದಿ ಹಾಗೇ ಇತ್ತು. ಶೇಖಪ್ಪ ನೋಡುತ್ತಿದ್ದುದನ್ನು ಆಕೆ ಗಮನಿಸಿದರು.

"ಅಲ್ಲಿ ಗುಡಿಸುವುದಿಲ್ಲ. ಅವರು ಬಂದು ನಿಲ್ಲುವ ಜಾಗ. ಕೂತ್ಕೊಳ್ಳಿ ಅಂತ ಎಷ್ಟು ಹೇಳಿದ್ರೂ ಕೂತ್ಕೊಳ್ಳುವುದಿಲ್ಲ. ನಿಂತೇ ಇರ್ತಾರೆ."

ಶೇಖಪ್ಪ ಮೆಲ್ಲಗೆ ಕುರ್ಚಿಯಿಂದ ಎದ್ದರು. ರಿಪೋರ್ಟು ಕೇಳದೆಯೇ ಹೊರಗೆ ಬಂದರು.

ಕಾರು ಹೆದ್ದಾರಿಗೆ ಬಂದ ಮೇಲೆ ಅವರು ಕೇಳಿದರು: "ಮೋನಪ್ಪನವರು ತೀರಿಕೊಂಡದ್ದು ನಿನಗ ಗೊತ್ತಿತ್ತೇನು?"

"ಗೊತ್ತಿತ್ತಪ್ಪಾ," ಎಂದಳು ರಜನಿ. "ದೀಪೇಶ ಎರಡು ತಿಂಗಳ ಹಿಂದನ ಕಾರ್ಡು ವಾಪಸ್ ಕೊಡು ಅಂದಿದ್ದ, ಅವ್ವನ ತಲಿ ಕೆಡಾಕತ್ತೈತಿ ಅಂತ. ನಾನ ಕೈಮುಗಿದೆ, ಸ್ಕ್ಯಾನ್ ಒಂದು ಆಗಲಿ ಅಂದೆ."

"ನನಗ ಒಂದು ಮಾತು ಹೇಳಬೇಕಿತ್ತು."

"ಹೇಳಿದ್ರ ನೀವು ಬರ್ತಿದ್ರೇನು? ಯೂರೋಪಿಗೆ ಹೋಗವರಿಗೆ ಇನ್ಶೂರೆನ್ಸ್ ಕಾಗದ ಇಲ್ಲದ ವೀಸಾನ ಕೊಡಂಗಿಲ್ಲ. ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಮಾಡಿಸಲಿಲ್ಲ. ತಪ್ಪು ನಂದು. ಆದ್ರ ಅವ್ವನ್ನ ಕಳಕೊಂಡೇನಿ, ನಿಮ್ಮನ್ನೂ ಕಳಕೊಳ್ಳಲೇನು? ಸತ್ತವರಿಗೆ ಇದರಿಂದ ಏನು ತ್ರಾಸು?"

"ಸತ್ತವರ ಮಾತು ಬಿಡು," ಎಂದರು ಶೇಖಪ್ಪ. "ಆ ಹೆಣ್ಣಮಗಳು ದಿನಾ ರಾತ್ರಿ ಗಂಜಿ ಬಡಿಸಿಟ್ಟು ಬಾಗಿಲು ಕಾಯತಾಳ."

ರಜನಿ ಸ್ವಲ್ಪ ದೂರ ಹೋದ ಮೇಲೆ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು.

ಮುಂದಿನ ಮಂಗಳವಾರ ಶೇಖಪ್ಪ ಖಾಲಿ ಹೊಟ್ಟೆಯಲ್ಲೇ ಹೊರಟರು. ಪೊವೇ ಬಂದಾಗ, "ಮೊದಲು ಅವರ ಮನಿಗೆ ನಡಿ," ಎಂದರು. ದೀಪೇಶನಿಗೆ ಹಿಂದಿನ ದಿನವೇ ಫೋನ್ ಮಾಡಿದ್ದರು. ಅವನು ರಜೆ ಹಾಕಿ ಮನೆಯಲ್ಲಿದ್ದ. ಬಾಗಿಲು ತೆಗೆದವನು ಮುಖ ಎತ್ತಲಿಲ್ಲ.

ಶೇಖಪ್ಪ ಜಲಜಾಕ್ಷಿಯ ಎದುರು ನಿಂತುಕೊಂಡೇ ಹೇಳಿದರು. "ಅಕ್ಕಾರ, ನಿಮ್ಮ ಯಜಮಾನರ ಕಾರ್ಡು ತಗೊಂಡು ಅಲ್ಲಿಗೆ ಹೋಗಾಂವ ನಾನು. ಅವರಲ್ಲ. ನನ್ನ ಹೆಸರು ಶೇಖಪ್ಪ."

ಆಕೆ ಅವರ ತೋಳನ್ನು, ಆಮೇಲೆ ಮುಖವನ್ನು ನೋಡಿದರು.

"ಖಾಲಿ ಹೊಟ್ಟೆಯಲ್ಲಿ ಇದ್ದದ್ದು ನೀವಾ?"

"ನಾನರೀ. ಈಗೂ ಹಂಗ ಬಂದೇನಿ."

"ಪ್ರೆಶರ್?"

"ನಂದು."

"ಎರಡು ಕೆಜಿ ಇಳಿದದ್ದು?"

"ಅದೂ ನಂದರೀ."

ಆಕೆ ಮಗನ ಕಡೆ ತಿರುಗಿದರು. ದೀಪೇಶ್ ತಲೆ ತಗ್ಗಿಸಿ, "ಹೌದಮ್ಮ," ಎಂದ. "ನಾನೇ ಕೊಟ್ಟದ್ದು."

ಶೇಖಪ್ಪ ಆ ಮೂಲೆಯ ಫೋನಿನಿಂದಲೇ ಕ್ಲಿನಿಕ್ಕಿಗೆ ಫೋನ್ ಮಾಡಿದರು. ರೈಲ್ವೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ನಿಧಾನವಾಗಿ, ಮೋನಪ್ಪ ಮಾರ್ಚಿನಲ್ಲಿ ಸತ್ತಿದ್ದಾರೆ, ಇಷ್ಟು ದಿನ ಬಂದವನು ನಾನು, ಇನ್ನು ಆ ಹೆಸರಿಗೆ ಫೋನ್ ಮಾಡಬೇಡಿ ಎಂದರು. ಆ ಕಡೆಯವಳು ಹೆಸರು ಕೇಳಿದಳು. ಶೇಖಪ್ಪ ತಮ್ಮ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

ಫೋನ್ ಇಟ್ಟಾಗ ಜಲಜಾಕ್ಷಿ ಅಲ್ಲಿರಲಿಲ್ಲ. ಹಿಂಬಾಗಿಲ ಕಡೆಯಿಂದ ಪೊರಕೆಯ ಸದ್ದು ಬರುತ್ತಿತ್ತು. ಆಕೆ ಅಷ್ಟೂ ಬೂದಿಯನ್ನು ಗುಡಿಸಿ ಹೊರಗೆ ಹಾಕಿ, ನೆಲ ಒರೆಸಿ, ಕೈ ತೊಳೆದು ಬಂದರು. ಕವುಚಿಟ್ಟ ತಟ್ಟೆಯನ್ನು ಮಗುಚಿದರು.

"ಖಾಲಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ಇರ್ತೀರಿ. ಗಂಜಿ ಉಂಟು. ಕೂತ್ಕೊಳ್ಳಿ ಶೇಖಪ್ಪನವರೇ."

ಶೇಖಪ್ಪ ಕೂತರು. ಆಕೆ ಬಡಿಸುವಾಗ ಒಮ್ಮೆ ಬಾಗಿಲ ಕಡೆ ನೋಡಿದರು. ಶೇಖಪ್ಪನವರೂ ನೋಡಿದರು. ಒದ್ದೆ ನೆಲ ಬಿಸಿಲಿಗೆ ಆರುತ್ತಿತ್ತು. ಆಗ ಆಕೆಗೆ ಅಳು ಬಂತು. ಎಂಟು ತಿಂಗಳಲ್ಲಿ ಅದೇ ಮೊದಲು ಎಂದು ದೀಪೇಶ್ ಆಮೇಲೆ ರಜನಿಗೆ ಹೇಳಿದ.

ಸ್ಕ್ಯಾನ್ ಆಗಲಿಲ್ಲ. ಆ ವಾರವೇ ರಜನಿ ಬೆಂಗಳೂರಿಗೆ ಎರಡು ಟಿಕೆಟ್ ಬುಕ್ ಮಾಡಿದಳು. ಆಸ್ಪತ್ರೆ ಮುಗಿಯುವ ತನಕ ತಾನೂ ಜೊತೆಗಿರುತ್ತೇನೆಂದಳು. ಶೇಖಪ್ಪ ತಮ್ಮ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಹೆಸರನ್ನು ಎರಡು ಸಲ ಓದಿದರು. ಶಿವಲಿಂಗಯ್ಯನವರಿಗೆ ಕೊಟ್ಟಿದ್ದ ಮಾತನ್ನು ಅವರು ಎಂಟು ಸಲ ಮುರಿದಿದ್ದರು.