ಬೀರಪ್ಪನ ಮುಂದೆ ಕಟ್ಟಿದ ಡ್ರೋನ್

ಮಂದೆಯಲ್ಲಿ ಬೇರೆಯವರ ಕುರಿ ಸತ್ತರೆ ಅದರ ಕಿವಿ ಕೊಯ್ದು ತಂದು ಒಡೆಯನ ಮುಂದಿಡುವುದು ಕಾಯುವವನ ಧರ್ಮ. ನೋಡು, ನಿನ್ನದೇ ಗುರುತು, ಮಾರಿಕೊಂಡಿಲ್ಲ, ಕೊಯ್ದು ತಿಂದಿಲ್ಲ ಎಂದು ಅದರ ಅರ್ಥ. ಮೈಲಾರಲಿಂಗ ಒಂಬತ್ತು ಕಿವಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಮೊಗುಲಮ್ಮನ ಅಂಗಳಕ್ಕೆ ಹೋದಾಗ ಆಕೆ ಅವನ್ನು ಮುಟ್ಟಲಿಲ್ಲ. ಗಂಡ ಹೋದ ಮೇಲೆ ಆ ಕುರಿಗಳೇ ಆಕೆಯ ಬದುಕು. ತುದಿ ಕತ್ತರಿಸಿ ನಡುವೆ ಸೀಳಿದ ಆ ಗುರುತು ಆಕೆಯ ಗಂಡ ಹಾಕಿದ್ದು.

"ಉಳಿದವನ್ನ ಹೊಡಕೊಂಡು ಬಂದು ಬಿಡು. ನಾನ ಕಾಯ್ಕೊಂತೀನಿ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆಕೆ ಬೈಯಲಿಲ್ಲ. ಅವನ ಸ್ವಂತ ಕುರಿಗಳೂ ಸತ್ತಿದ್ದವು. ಆದರೆ ನಂಬಿ ಕೊಟ್ಟ ಜೀವವೇ ಬೇರೆ. ಕಿವಿಗಳನ್ನು ಮತ್ತೆ ಕಟ್ಟಿಕೊಂಡು ಬಂದ, ಉಳಿದ ಕುರಿಗಳನ್ನು ಮರುದಿನವೇ ಆಕೆಗೆ ಒಪ್ಪಿಸಿದ.

ಆದದ್ದು ಇಷ್ಟು. ಮಕ್ತಲ್ ಆಚೆಯ ಬೀಳು ನೆಲದಲ್ಲಿ ಮಂದೆ ಮೇಯುತ್ತಿತ್ತು. ಪಕ್ಕದ ಹತ್ತಿ ಹೊಲಕ್ಕೆ ಡ್ರೋನ್ ಒಂದು ಕೀಟನಾಶಕದ ಎಣ್ಣೆ ಹೊಡೆಯುತ್ತಿತ್ತು. ನಡುವೆ ಗಾಳಿ ಎದ್ದಿತು. ಹೊಲದ ಮೇಲೆ ಬೀಳಬೇಕಾದ ಔಷಧದ ಹನಿ ಬೀಳಿನ ಹುಲ್ಲಿನ ಮೇಲೆ, ಕುರಿಗಳ ಬೆನ್ನಿನ ಮೇಲೆ ಮಂಜಿನ ಹಾಗೆ ಇಳಿಯಿತು. ಲಿಂಗ ಕಂಬಳಿ ಬೀಸಿದ, ಗಂಟಲು ಹರಿಯುವಂತೆ ಕೂಗಿದ. ಅದನ್ನು ಹಾರಿಸುವವನು ಆಚೆ ತುದಿಯಲ್ಲಿ ಎಲ್ಲೋ ಮರದ ನೆರಳಿನಲ್ಲಿದ್ದ. ಡ್ರೋನ್ ತಲೆಯ ಮೇಲೆ ಹಾದು ಹೋದಾಗ ಅದರ ಹೊಟ್ಟೆಯ ಮೇಲೆ ಕರಿ ಟೇಪು ಸುತ್ತಿದ್ದು ಕಂಡಿತು. ಹೊತ್ತು ಇಳಿಯುವಷ್ಟರಲ್ಲಿ ಕುರಿಗಳು ನೊರೆ ಕಾರಿ ಮಲಗಿದವು.

ಆ ಟೇಪಿನ ಕೆಳಗೆ ಏನಿರಬೇಕು ಎಂಬುದು ಅವನಿಗೆ ಗೊತ್ತಿತ್ತು. ನಾರಾಯಣಪೇಟೆಯಲ್ಲಿ ರೈತರ ಸಭೆ ನಡೆದಾಗ ಒಬ್ಬ ಅಧಿಕಾರಿ ತಿಳಿಸಿ ಹೇಳಿದ್ದರು. ದೊಡ್ಡ ವಿಮಾನಕ್ಕೆ ರೆಕ್ಕೆಯ ಅಡಿಯಲ್ಲಿ, ಮೈಮೇಲೆ ಅಕ್ಷರ ಬರೆದಿರುತ್ತಾರೆ. ಹಾಗೆಯೇ ಇದಕ್ಕೂ ಸರಕಾರದ ನಂಬರು ಇದೆ, ಅದು ಕಾಣುವಂತಿರಬೇಕು, ಮೇಲೆ ಹಾರಿದ್ದು ಯಾರದ್ದೆಂದು ಕೆಳಗಿನವರಿಗೆ ತಿಳಿಯಬೇಕು. ಆದರೆ ಠಾಣೆಯಲ್ಲಿ ಅವನನ್ನು ಕೇಳಿದ್ದೂ ಅದನ್ನೇ. ನಂಬರು ಏನು? ದನದ ಆಸ್ಪತ್ರೆಯಲ್ಲೂ ಅದೇ, ನಂಬರು ಏನು? ನಂಬರು ಇಲ್ಲದೆ ಯಾರ ಮೇಲೆ ಬರೆಯಬೇಕಯ್ಯಾ ಎಂದು ಬರೆಯುವವನು ಪೆನ್ನು ಮುಚ್ಚಿದ. ನೆಲದ ಮೇಲೆ ನಡೆಯುವವನು ರೇಷನ್ ಅಕ್ಕಿಗೂ ಬೆರಳು ಒತ್ತಬೇಕು, ಆಕಾಶದಲ್ಲಿ ವಿಷ ಚೆಲ್ಲುವವನಿಗೆ ಒಂದು ಗೇಣು ಟೇಪು ಸಾಕು.

ಸುತ್ತ ಹಳ್ಳಿಗಳಲ್ಲಿ ಅಂಥ ಡ್ರೋನ್ ಇದ್ದದ್ದು ಶಿವಕಾಂತನ ಬಳಿ ಮಾತ್ರ. ಎಂಟನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಬೆಂಚು. ಲಿಂಗ ಶಾಲೆ ಬಿಟ್ಟು ಕುರಿಯ ಹಿಂದೆ ಹೋದ, ಶಿವಕಾಂತ ಮುಂದೆ ಓದಿ ತರಬೇತಿ ಪಡೆದು ಡ್ರೋನ್ ತಂದ. ಆ ದಿನ ಎಣ್ಣೆ ಹೊಡೆದದ್ದು ತಾನಲ್ಲ, ಬೇರೆ ಕಡೆಯಿಂದ ಯಾರೋ ಬಂದಿದ್ದರು ಎಂದು ಅವನು ಹೇಳಿಕೊಂಡು ತಿರುಗಿದ. ಅಷ್ಟಕ್ಕೇ ಬಿಡಲಿಲ್ಲ. ಲಿಂಗ್ಯಾ ನಿದ್ದೆ ಹೊಡೆದ, ಕುರಿ ಹತ್ತಿ ಹೊಲಕ್ಕೆ ನುಗ್ಗಿ ಎಣ್ಣೆ ಹೊಡೆದ ಎಲೆ ತಿಂದವು ಎಂದೂ ಸೇರಿಸಿದ. ಕಿವಿಗಳಿಗಿಂತ ಮೊದಲೇ ಆ ಮಾತು ಮೊಗುಲಮ್ಮನ ಅಂಗಳ ಮುಟ್ಟಿತ್ತು.

ವಾರ ಕಳೆದಿರಬೇಕು. ಒಂದು ಮುಂಜಾನೆ ಪಕ್ಕದ ಹೊಲದ ಮೇಲೆ ಹಾರುತ್ತಿದ್ದ ಡ್ರೋನ್ ಜಾಲಿ ಕೊಂಬೆಗೆ ತಾಗಿ ಲಿಂಗನ ಕುರಿದೊಡ್ಡಿಯೊಳಗೇ ಬಂದು ಬಿತ್ತು. ಹೊಟ್ಟೆಯ ಮೇಲೆ ಅದೇ ಕರಿ ಟೇಪು. ಹಾರಿಸಿದವನು ಕೇಳಿಕೊಂಡು ಬರಲಿಲ್ಲ.

ಲಿಂಗ ಬಡಿಗೆ ಎತ್ತಿದ. ತಾಯಿ ಪೆಂಟಮ್ಮ ಅಡ್ಡ ಬಂದಳು. ಬಡಿಗೆ ಎಸೆದು ಟೇಪಿಗೆ ಉಗುರು ಹಾಕಿದ. ಆಕೆ ಮಣಿಕಟ್ಟು ಹಿಡಿದಳು.

"ಬಿಡಬೇ, ನಂಬರು ನೋಡ್ತೀನಿ."

"ನೀ ಕಿತ್ತಿ ಅಂದ್ರ, ನಂಬರು ನೀನ ಅಂಟಿಸಿದಿ ಅಂತಾನ. ಗುರುತು ತೋರ್ಸೋದು ಒಡ್ಯಾನ ಕೆಲಸ."

ಹಲ್ಲು ಕಚ್ಚಿಕೊಂಡು ಅವನು ಮಕ್ತಲ್‌ಗೆ ಹೋದ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಶಿವಕಾಂತ ನಾಲ್ಕು ಜನರ ನಡುವೆ ಕೂತಿದ್ದ. ನಿನ್ನ ಡ್ರೋನ್ ನಮ್ಮ ದೊಡ್ಡಿಯಲ್ಲಿ ಬಿದ್ದಿದೆ ಎಂದು ಲಿಂಗ ಹೇಳಿದ. ತನ್ನದೆಂದರೆ ಶಿವಕಾಂತ ಟೇಪಿಗೆ ಉತ್ತರ ಹೇಳಬೇಕಿತ್ತು. ಅವನು ಚಹಾದ ಬಸಿ ಕೆಳಗಿಡಲಿಲ್ಲ.

"ನಂದು ರಿಪೇರಿಗೆ ಗದ್ವಾಲಕ ಹೋಗೈತಿ. ನಿಮ್ಮ ದೊಡ್ಡ್ಯಾಗ ಐತಿ ಅಂದ್ರ ನಿಮ್ಮ ಕುರಿನ ಈದಿರಬೇಕು ನೋಡಲೇ."

ಅಂಗಡಿ ನಕ್ಕಿತು. ಲಿಂಗ ಒಂದೇ ಮಾತು ಕೇಳಿದ: "ನಿಂದಲ್ಲ, ಹೌದಿಲ್ಲೋ?"

"ನಂದಲ್ಲ."

ಇಲ್ಲಿಂದ ಮುಂದೆ ಅದು ಲಿಂಗನ ಜಗಳವಾಗಿ ಉಳಿಯಲಿಲ್ಲ. ಒಡೆಯ ಯಾರೆಂದು ತಿಳಿಯದ ಕುರಿ ಇನ್ನೊಬ್ಬರ ಮಂದೆಗೆ ಬಂದು ಸೇರಿದರೆ ಅದನ್ನು ಬೀರಪ್ಪನ ಗುಡಿಯ ಮುಂದೆ ಕಟ್ಟಬೇಕು, ಸುತ್ತ ಊರಿಗೆ ಸಾರಬೇಕು. ಮೂರನೇ ದಿನ ಹೊತ್ತು ಮುಳುಗುವುದರೊಳಗೆ ಒಡೆಯ ಬಂದು ಗುರುತು ತೋರಿಸದಿದ್ದರೆ ಅದು ಬೀರಪ್ಪನ ಕುರಿ. ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ, ಆಮೇಲೆ ಬಂದು ಕೇಳುವ ಹಾಗೂ ಇಲ್ಲ. ಗುಡಿಯ ಪೂಜಾರಿ ಕಿಷ್ಟಪ್ಪ ಡ್ರೋನನ್ನು ಹಾಗೆಯೇ ಹೊರಿಸಿಕೊಂಡು ಬಂದ. ಉಣ್ಣೆಯ ಹಗ್ಗದಿಂದ ಅದರ ಕಾಲನ್ನು ಗೂಟಕ್ಕೆ ಲಿಂಗನ ಕೈಯಲ್ಲೇ ಕಟ್ಟಿಸಿ ಭಂಡಾರದ ಅರಿಶಿನ ಎರಚಿದ. ಯಾರೋ ಕಿಸಕ್ಕೆಂದರು. ಕಿಷ್ಟಪ್ಪ ತಿರುಗಿ ನೋಡಿದ ಮೇಲೆ ಯಾರೂ ನಗಲಿಲ್ಲ.

ಮಾತು ಮಕ್ತಲ್ ಸಂತೆ ಮುಟ್ಟಿತು. ಎರಡನೇ ದಿನ ಶಿವಕಾಂತನ ಕಡೆಯ ಒಬ್ಬ ಬಂದು ಸುಮ್ಮನೆ ಒಯ್ಯುತ್ತೇನೆಂದ. ಗುರುತು ಏನೆಂದು ಕಿಷ್ಟಪ್ಪ ಕೇಳಿದ್ದಕ್ಕೆ ಬಂದ ದಾರಿ ಹಿಡಿದ.

ಮೂರನೇ ದಿನ ಗುಡಿಯ ನೆರಳು ಉದ್ದವಾದಾಗ ಶಿವಕಾಂತನೇ ಬಂದ. ಕಟ್ಟೆಯ ಮೇಲೆ ಜನ ಕೂತಿದ್ದರು. ಮೊಗುಲಮ್ಮ ಕಂಬಕ್ಕೆ ಒರಗಿ ನಿಂತಿದ್ದಳು.

"ಅದು ನಂದರಿ ಮಾಮ. ಬಿಚ್ಚಿ ಕೊಡ್ರಿ."

"ಕೊಡೂಣಂತ. ಗುರುತು ತೋರ್ಸಪ್ಪ."

ಶಿವಕಾಂತ ಲಿಂಗನ ಕಡೆ ನೋಡಿದ. ಲಿಂಗ ಕಣ್ಣು ಕದಲಿಸಲಿಲ್ಲ. ಶಿವಕಾಂತ ಮಂಡಿಯೂರಿ ಟೇಪಿನ ತುದಿ ಹುಡುಕಿದ. ಬಿಸಿಲಿಗೆ ಕರಗಿ ಅಂಟಿದ್ದ ಟೇಪು ಚೂರುಚೂರಾಗಿ ಬಂತು. ಅಡಿಯಿಂದ ಅಕ್ಷರ, ಅಂಕಿ ಒಂದೊಂದಾಗಿ ಎದ್ದು ಕಂಡವು.

"ಕುರಿ ನಂದು ಅಂದಾವ ಅದು ಮೇದ ಹೊಲಕ್ಕೂ ಜವಾಬು ಕೊಡಬೇಕು" ಕಿಷ್ಟಪ್ಪ ಮೆಲ್ಲಗೆ ಹೇಳಿದ. "ಇದು ಎಲ್ಲೆಲ್ಲಿ ಮೇದೈತಿ, ಹೇಳು."

ಲಿಂಗ ಟವೆಲ್ ಬಿಚ್ಚಿದ. ಉಪ್ಪು ಹಚ್ಚಿ ಒಣಗಿಸಿದ ಕಿವಿಗಳನ್ನು ಆ ನಂಬರಿನ ಪಕ್ಕದಲ್ಲಿ, ಸೀಳು ಮೇಲೆ ಬರುವ ಹಾಗೆ ಸಾಲಾಗಿ ಇಟ್ಟ. ಹೊಡೆಯಬೇಕೆಂದು ಎಷ್ಟೋ ದಿನದಿಂದ ಕಾದಿದ್ದ ಕೈ ಅದು. ಒಂದು ಕಿವಿಯನ್ನೂ ಸೊಟ್ಟಗಿಡಲಿಲ್ಲ.

ಶಿವಕಾಂತ ಎದ್ದೇಳಲಿಲ್ಲ. ಟೇಪಿನ ಚೂರುಗಳನ್ನು ಅಂಗೈಯಲ್ಲಿ ಉಂಡೆ ಮಾಡುತ್ತ ನೆಲಕ್ಕೇ ಹೇಳಿದ.

"ಕುರಿ ಹೊಲದಾಗ ಇರಲಿಲ್ಲ. ಬೀಳಿನಾಗ ಇದ್ವು. ಗಾಳಿ ಎದ್ದಿದ್ದು ಗೊತ್ತಾಗಿತ್ತು ನನಗ. ಇನ್ನೊಂದು ಸಾಲು ಉಳದಿತ್ತು, ಮುಗಿಸಿಬಿಡೂಣು ಅಂದೆ." ಉಂಡೆಯನ್ನು ಕೆಳಗಿಟ್ಟು, "ಲಿಂಗ್ಯಾ ನಿದ್ದಿ ಮಾಡಿರಲಿಲ್ಲ. ಕಂಬಳಿ ಬೀಸಿದ್ದು ಕಂಡಿತ್ತು" ಎಂದ.

ಕಂಡಿತ್ತು! ಲಿಂಗ ಒಂದು ಹೆಜ್ಜೆ ಮುಂದೆ ಬಂದ. ಪೆಂಟಮ್ಮ ಈ ಸಲ ಅಡ್ಡ ಬರಲಿಲ್ಲ. ಅವನು ಬಗ್ಗಿ ಉಣ್ಣೆಯ ಹಗ್ಗದ ಗಂಟಿಗೆ ಕೈ ಹಾಕಿದ. ತಾನೇ ಬಿಗಿದ ಗಂಟು, ಬಿಚ್ಚಲು ಹೊತ್ತು ಹಿಡಿಯಿತು. ಬಿಚ್ಚಿ, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಹಿಂದೆ ಸರಿದ.

ಸತ್ತ ಕುರಿಗಳಿಗೆ ಏನು ಕೊಡಬೇಕೆಂಬುದನ್ನು ಹಿರಿಯರು ಸೋಮವಾರ ಕೂತು ಹೇಳುವುದೆಂದಾಯಿತು. ಶಿವಕಾಂತ ಡ್ರೋನ್ ಹೊತ್ತುಕೊಂಡು ಹೋದ, ನಂಬರು ಹೊರಮುಖವಾಗಿ. ಮೊಗುಲಮ್ಮ ಮುಂದೆ ಬಂದು ಕಿವಿಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡಳು.

ಮರುದಿನ ಲಿಂಗನ ದೊಡ್ಡಿಯ ಬಾಗಿಲಲ್ಲಿ ಆಕೆಯ ಉಳಿದ ಕುರಿಗಳು ನಿಂತಿದ್ದವು. ಆಕೆಯ ಕಂಕುಳಲ್ಲಿ ಆ ವಾರ ಹುಟ್ಟಿದ ಮರಿ ಇತ್ತು, ಕಿವಿಗಳು ಇನ್ನೂ ಇಡಿಯಾಗಿದ್ದವು. ಅದನ್ನು ಕೂತಿದ್ದ ಲಿಂಗನ ತೊಡೆಯ ಮೇಲೆ ಇಟ್ಟು, ಗಂಡ ಬಳಸುತ್ತಿದ್ದ ಸಣ್ಣ ಚಾಕುವನ್ನು ಸೆರಗಿನಿಂದ ಬಿಚ್ಚಿದಳು.

"ಇದಕ್ಕ ಗುರುತು ನೀನ ಹಾಕಪ್ಪ" ಎಂದಳು. "ನಾ ಹಿಡಕೊಂತೀನಿ."